ಕೈಬಿಟ್ಟ ನಾಲ್ಕನೇ ನುಡಿ

ನಾನು ಹೊಸಕೋಟೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಹುಟ್ಟಿದ್ದು ಬೂದಿಗೆರೆಯಿಂದ ಮೂರು ಮೈಲಿ ಒಳಗಿರುವ ಹಳ್ಳಿಯಲ್ಲಿ. ಮದುವೆಯಾಗಿ ಹೋದದ್ದೂ ದೂರವೇನಲ್ಲ, ಹೊಸಕೋಟೆಗೆ. ತವರಿನಲ್ಲಿ ಅಣ್ಣ ಇದ್ದಾನೆ. ರಾಗಿ ಬೆಳೆಯುತ್ತಾನೆ, ಬೀನ್ಸು, ಟೊಮೊಟೊ ಹಾಕುತ್ತಾನೆ, ಎರಡು ಹಸು ಕಟ್ಟಿದ್ದಾನೆ. ಭಾನುವಾರ ಬಂತೆಂದರೆ ಸ್ಕೂಟಿ ಹತ್ತಿ ಅಲ್ಲಿಗೆ ಹೋಗಿಬಿಡುವುದು ನನ್ನ ರೂಢಿ. ಆದರೆ ಈಚಿನ ಮೂರು ವರ್ಷಗಳಲ್ಲಿ ಆ ದಾರಿಯಲ್ಲಿ ನೆಮ್ಮದಿಯಿಂದ ಹೋಗಿ ಬಂದ ಒಂದು ಭಾನುವಾರವೂ ನೆನಪಿಗೆ ಬರುವುದಿಲ್ಲ. ಅದಕ್ಕೆ ಕಾರಣ ನಾನೇ ಕೈಯಾರೆ ಬರೆದು ಅಚ್ಚು ಹಾಕಿಸಿದ ಒಂದು ಹಾಡು.

ಆ ವರ್ಷ ನಮ್ಮ ಶಾಲೆಯ ಮಕ್ಕಳ ಕೈಲಿ ಊರೂರಿನ ಹಾಡುಗಳನ್ನು ಕೂಡಿಸಿ ಒಂದು ಪುಟ್ಟ ಪುಸ್ತಕ ಮಾಡಬೇಕೆಂದು ಮುಖ್ಯೋಪಾಧ್ಯಾಯರು ಹೇಳಿದರು. ಮಕ್ಕಳು ಬರೆದು ತಂದದ್ದರಲ್ಲಿ ಮುಕ್ಕಾಲು ಪಾಲು ಮೊಬೈಲಿನಲ್ಲಿ ಕೇಳಿದ್ದೇ. ಬೇಸತ್ತು, ತವರಿಗೆ ಹೋದಾಗ ನಾನೇ ಕೇರಿಯ ಅಜ್ಜಿಯ ಮನೆಗೆ ಹೋದೆ. ಆಕೆ ನಮ್ಮ ಹೊಲದಲ್ಲಿ ಹತ್ತಾರು ವರ್ಷ ಕಳೆ ಕಿತ್ತವಳು. ಎಂಬತ್ತು ದಾಟಿರಬೇಕು, ಅವಳಿಗೇ ಸರಿಯಾಗಿ ಗೊತ್ತಿಲ್ಲ. ಚಿಕ್ಕಂದಿನಲ್ಲಿ ನಾನು ಅವಳನ್ನು ಹೆಸರು ಹಿಡಿದು ಕೂಗುತ್ತಿದ್ದೆ. ಮನೆಯಲ್ಲಿ ಎಲ್ಲರೂ ಹಾಗೇ ಕೂಗುತ್ತಿದ್ದರು. ಕೆಲಸಕ್ಕೆ ಸೇರಿದ ಮೇಲೆ ನಾಚಿಕೆಯಾಗಿ ಅಜ್ಜಿ ಎನ್ನಲು ಶುರು ಮಾಡಿದೆ. ಅವಳು ಮಾತ್ರ ಅಂದಿನಿಂದ ಇಂದಿನವರೆಗೂ ನನ್ನನ್ನು ಅಮ್ಮಣ್ಣಿ ಎಂದೇ ಕರೆಯುವುದು.

ನಾನು ಹೋದಾಗ ಅವಳ ಹಿರಿಮಗ ಜಗುಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ. ಅವನಿಗೆ ಕಿವಿ ಕೇಳಿಸುವುದಿಲ್ಲ, ಮಾತೂ ಬರುವುದಿಲ್ಲ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು. ನಮ್ಮ ದನ ಕಾಯ್ದುಕೊಂಡೇ ದೊಡ್ಡವನಾದ. ಮಳೆಗಾಲದಲ್ಲಿ ನಾನು ಶಾಲೆಗೆ ಹೋಗುವಾಗ ಕೈಹಿಡಿದು ಹಳ್ಳ ದಾಟಿಸುತ್ತಿದ್ದವನೂ ಅವನೇ. ಹುಟ್ಟುಕಿವುಡ ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು, ನಾನೂ ಹಾಗೆಂದೇ ತಿಳಿದಿದ್ದೆ.

“ಕಳೆ ಕೀಳುವಾಗ ಏನು ಹಾಡ್ತಿದ್ರಿ ಅಜ್ಜಿ, ಒಂದು ಹೇಳು” ಎಂದು ಮೊಬೈಲು ತೆಗೆದೆ.

ಅಜ್ಜಿ ಎರಡು ಮೂರು ಹಾಡು ಹೇಳಿದಳು, ಎಲ್ಲ ಕಡೆ ಕೇಳುವಂಥವೇ. ಇನ್ನೊಂದು ನೆನಪಿಗೆ ಬಂದಂತಾಗಿ ಬಾಯಿ ತೆರೆದವಳು ತಡೆದಳು.

“ಬ್ಯಾಡ ಬುಡು. ಅದು ನಿಮ್ಮನೆಯೋರ ಮುಂದೆ ಹೇಳೋ ಹಾಡಲ್ಲ ಕಣಮ್ಮಣ್ಣಿ. ನಿಮ್ಮಜ್ಜಿ ಊಟಕ್ಕೆ ಎದ್ದೋದಾಗ ನಾವ್ನಾವೇ ಹೇಳ್ಕೊಂತಿದ್ವು.”

ನಾನು ಬಿಡಲಿಲ್ಲ. ಅಜ್ಜಿ ಅತ್ತಿತ್ತ ನೋಡಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು.

ಮುಳುಗಯ್ಯ ಹೊತ್ತಪ್ಪ, ಗುಡ್ಡದ ಹಿಂದಕೆ
ಮನೆಗೋಗಬೇಕು ನಾವು, ಮುಳುಗಯ್ಯ

ಸಾಲು ಮುಗಿದರೆ ಸಾಲು, ಸಾಲಿನಾಚೆಗು ಸಾಲು
ಬೆನ್ನೆಲ್ಲ ಬಿಲ್ಲಾಯ್ತು, ಮುಳುಗಯ್ಯ

ತೊಟ್ಟಿಲ ಕೂಸಿಗೆ ಎದೆಹಾಲ ಹೊತ್ತಾಯ್ತು
ಸೆರಗೆಲ್ಲ ನೆನೆದಾವೆ, ಮುಳುಗಯ್ಯ

ಒಲೆಬೂದಿ ತಣ್ಣಗೆ, ಮುದ್ದೆಮಡಕೆ ಬರಿದು
ದೀಪ ಹಚ್ಚೋರಿಲ್ಲ, ಮುಳುಗಯ್ಯ

ಪಲ್ಲವಿ ಮತ್ತು ಮೂರು ನುಡಿ, ಇಷ್ಟಕ್ಕೆ ನಿಂತು, ಉಸಿರು ತೆಗೆದುಕೊಂಡು, ನನ್ನ ಮುಖ ನೋಡದೆ ನಾಲ್ಕನೆಯದನ್ನೂ ಹೇಳಿದಳು.

ಬದುವಿನ ಮೇಲವಳೆ ಕರಿಛತ್ರಿ ಗೌಡ್ತಮ್ಮ
ನೆರಳಲ್ಲಿ ಕುಂತೋಳ್ಗೆ ಹೊತ್ತೇನು ಗೊತ್ತಯ್ಯ
ಇನ್ನೆರಡು ಸಾಲಂದ್ಲು, ಕೂಸಿಗೆ ಕೇಳಂಗಿಲ್ಲ
ಮುಳುಗಯ್ಯ ಹೊತ್ತಪ್ಪ, ಮುಳುಗಯ್ಯ

ಕರಿಛತ್ರಿ ಹಿಡಿದು ಬದುವಿನ ಮೇಲೆ ಕೂರುತ್ತಿದ್ದ ಗೌಡ್ತಮ್ಮ ಎಂದರೆ ನನ್ನ ಅಜ್ಜಿ, ನನ್ನ ಅಪ್ಪನ ತಾಯಿ. ಆ ಛತ್ರಿ ನಮ್ಮ ಹಟ್ಟಿಯ ಗೂಟಕ್ಕೆ ಬಹಳ ವರ್ಷ ನೇತಾಡುತ್ತಿತ್ತು. ನಾನು ಏಳನೇ ಕ್ಲಾಸು ಮುಗಿಸಿದಾಗ, ಹೆಣ್ಣುಮಗುವನ್ನು ಮುಂದಕ್ಕೆ ಓದಿಸಲೇಬೇಕೆಂದು ಅಪ್ಪನ ಎದುರು ಮೂರು ದಿನ ಊಟ ಬಿಟ್ಟು ಕೂತವಳು ಆಕೆ. ನನ್ನ ಮಟ್ಟಿಗೆ ಅವಳಿಗಿಂತ ಒಳ್ಳೆಯವರು ಆ ಮನೆಯಲ್ಲಿ ಇರಲಿಲ್ಲ.

ಹೊಸಕೋಟೆಗೆ ಬಂದು ಹಾಡನ್ನು ಕಾಗದದ ಮೇಲೆ ಇಳಿಸಲು ಕೂತೆ. ಮೂರು ನುಡಿ ಸಲೀಸಾಗಿ ಬರೆದೆ. ನಾಲ್ಕನೆಯದಕ್ಕೆ ಬಂದಾಗ ಎದ್ದು ಅಡುಗೆಮನೆಗೆ ಹೋದೆ, ಬಂದೆ, ಮತ್ತೆ ಎದ್ದು ಬಟ್ಟೆ ಮಡಿಸಿದೆ. ಇದು ಒಂದೂರಿನ ಒಂದು ಮನೆಯ ವಿಚಾರ, ಎಲ್ಲರಿಗೂ ಸಲ್ಲುವ ಹಾಡಿನಲ್ಲಿ ಇದು ಯಾಕೆ ಎಂದುಕೊಂಡೆ. ಪ್ರಾಸವೂ ಸರಿಯಿಲ್ಲ, ಉಳಿದ ನುಡಿಗಳಿಗಿಂತ ಎರಡು ಸಾಲು ಹೆಚ್ಚಿದೆ, ಯಾರೋ ಆಮೇಲೆ ಸೇರಿಸಿದ್ದಿರಬೇಕು ಎಂದೂ ಅಂದುಕೊಂಡೆ. ಕನ್ನಡ ಮೇಡಂಗೆ ಕಾರಣಗಳಿಗೇನು ಕೊರತೆ. ಆ ನುಡಿಯನ್ನು ಬಿಟ್ಟು ಪುಸ್ತಕ ಅಚ್ಚಿಗೆ ಹೋಯಿತು.

ಶಾಲಾ ವಾರ್ಷಿಕೋತ್ಸವದಲ್ಲಿ ಎಂಟನೇ ಕ್ಲಾಸಿನ ಹುಡುಗಿಯರು ಅದನ್ನು ಹಾಡಿದರು. ಯಾರೋ ಪೋಷಕರು ವಿಡಿಯೊ ಮಾಡಿದರು. ಅದು ವಾಟ್ಸಾಪಿನಲ್ಲಿ ಊರಿಂದೂರಿಗೆ ಹೋಯಿತು.

ಅದೇ ಬೇಸಿಗೆಯಲ್ಲಿ ನಮ್ಮ ಊರಿನ ಸುತ್ತಲ ಹೊಲಗಳಿಗೆ ನೋಟಿಸು ಬಂತು. ಕಾರ್ಖಾನೆಗಳಿಗೆ ಜಾಗ ಬೇಕಂತೆ. ಅತ್ತ ನಂದಗುಡಿ ಕಡೆಯೂ ಇಂಥದೇ ಮಾತು ನಡೆಯುತ್ತಿತ್ತು. ಅಣ್ಣ ಆ ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗತೊಡಗಿದ. ಊಟಕ್ಕೆ ಕೂತವನು ನಡುವೆ ಎದ್ದು ಬಿಡಿಸಿ ಓದುವನು. ಊರಿನವರು ಸೇರಿ ದೇವನಹಳ್ಳಿಯ ತಾಲ್ಲೂಕು ಕಚೇರಿಯ ಎದುರು ಶಾಮಿಯಾನ ಹಾಕಿ ಧರಣಿ ಕೂತರು. ನಾನು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟವಳೇ ಅಲ್ಲಿಗೆ ಹೋಗುತ್ತಿದ್ದೆ.

ಧರಣಿಗೆ ಒಂದು ಹಾಡಿನ ತಂಡ ಬಂತು. ಅದರ ಮುಖಂಡ ಮೂವತ್ತರ ಆಸುಪಾಸಿನವನು, ಕೈಯಲ್ಲಿ ಯಾವಾಗಲೂ ಕಂಜರ. ದನಿ ಎತ್ತಿದರೆ ರಸ್ತೆಯಲ್ಲಿ ಹೋಗುವವರು ನಿಲ್ಲುತ್ತಿದ್ದರು. ಮಕ್ಕಳ ವಿಡಿಯೊ ನೋಡಿ ನನ್ನನ್ನು ಹುಡುಕಿಕೊಂಡು ಬಂದ.

“ಮೇಡಂ, ಇದು ಬೆಂಕಿ. ಇಷ್ಟು ದಿನ ಎಲ್ಲಿಟ್ಟಿದ್ರಿ ಇದನ್ನ?”

“ನಾನೆಲ್ಲಿಟ್ಟಿದ್ದೆ? ಕೇರಿ ಅಜ್ಜಿ ಹೇಳಿದ್ದು.”

“ಸ್ವಲ್ಪ ತಿದ್ಕೋತೀವಿ, ಬೇಜಾರ್ ಮಾಡ್ಕೋಬೇಡಿ. ತೊಟ್ಟಿಲು, ಎದೆಹಾಲು ಎಲ್ಲ ಇಲ್ಲಿಗೆ ಅಳು ಜಾಸ್ತಿಯಾಗುತ್ತೆ. ಹೋರಾಟಕ್ಕೆ ರೋಷ ಬೇಕು.”

ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಒಂದು ನುಡಿ ಕತ್ತರಿಸಿದವಳು ಇನ್ನೊಬ್ಬರ ಕತ್ತರಿ ಹಿಡಿಯುವುದು ಹೇಗೆ?

ಮಾರನೆಯ ದಿನ ಶಾಮಿಯಾನದಲ್ಲಿ ಹಾಡು ಎದ್ದಿತು. ‘ಮುಳುಗಯ್ಯ ದೊರೆಯಪ್ಪ, ಗುಡ್ಡದ ಹಿಂದಕೆ, ಮಣ್ಣು ಬಿಡೋದಿಲ್ಲ ನಾವು, ಮುಳುಗಯ್ಯ.’ ಹೊತ್ತಪ್ಪನ ಜಾಗಕ್ಕೆ ಸರ್ಕಾರ ಬಂದು ಕೂತಿತ್ತು. ಮನೆಗೆ ಹೋಗಬೇಕು ಎನ್ನುತ್ತಿದ್ದ ಹಾಡು ಇಲ್ಲಿಂದ ಕದಲುವುದಿಲ್ಲ ಎನ್ನುವ ಹಾಡಾಗಿತ್ತು. ಸುಳ್ಳು ಹೇಳಬಾರದು, ಇನ್ನೂರು ಮುನ್ನೂರು ಜನ ಒಟ್ಟಿಗೆ ಮುಳುಗಯ್ಯ ಎಂದಾಗ ನನಗೆ ರೋಮಾಂಚನವಾಯಿತು. ಅಣ್ಣ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದ. ಅಜ್ಜಿಯ ಕಿವುಡ ಮಗ ಮುಂದಿನ ಸಾಲಿನಲ್ಲಿ ಕೂತು, ಬೇರೆಯವರ ಕೈ ನೋಡಿಕೊಂಡು, ಒಂದು ಗಳಿಗೆ ತಡವಾಗಿ ಚಪ್ಪಾಳೆ ಹಾಕುತ್ತಿದ್ದ.

ಅಜ್ಜಿಯೂ ಬಂದಿದ್ದಳು. ಅವಳನ್ನು ಕರೆತಂದವಳು ಕಿರಿಮಗನ ಮಗಳು. ನನ್ನ ಹಳೆಯ ವಿದ್ಯಾರ್ಥಿನಿ ಅವಳು. ಹತ್ತನೇ ಕ್ಲಾಸಾದ ಮೇಲೆ ದೊಡ್ಡಬಳ್ಳಾಪುರದ ಕಡೆಯ ಗಾರ್ಮೆಂಟ್ಸಿಗೆ ಸೇರಿ ಏಳೆಂಟು ವರ್ಷವಾಗಿತ್ತು. ಬೆಳಗ್ಗೆ ಆರಕ್ಕೆ ಕಂಪನಿಯ ವ್ಯಾನು ಹತ್ತಿದರೆ ಇಳಿಯುವುದು ಕತ್ತಲಾದ ಮೇಲೆ. ಭಾನುವಾರವೊಂದೇ ಅವಳದು. ಹಾಡು ಮುಗಿದ ಮೇಲೆ ನನ್ನ ಪಕ್ಕಕ್ಕೆ ಬಂದು ನಿಂತಳು.

“ಮೇಡಂ, ಪಹಣಿ ಇರೋರ್ಗೆ ಜಮೀನು ಹೋದ್ರೂ ಏನೋ ಒಂದು ಸಿಕ್ತದೆ. ಆ ಜಮೀನಲ್ಲಿ ಕಳೆ ಕೀಳೋರ್ಗೆ ಏನ್ ಸಿಕ್ತದೆ ಅಂತ ಯಾರಾದ್ರೂ ಮೈಕಲ್ಲಿ ಹೇಳಿದ್ರಾ?”

ಈ ಮಾತನ್ನು ಕಂಜರದವನಿಗೆ ದಾಟಿಸಿದೆ. “ಅದನ್ನೂ ಎತ್ತೋಣ ಮೇಡಂ, ಮೊದಲು ಒಗ್ಗಟ್ಟು” ಎಂದ. ಅವನು ಕೆಟ್ಟವನಲ್ಲ. ಎರಡು ಸಲ ಪೊಲೀಸರು ಎತ್ತಿಕೊಂಡು ಹೋಗಿ ಸಂಜೆಗೆ ಬಿಟ್ಟಾಗಲೂ ನೇರ ಶಾಮಿಯಾನಕ್ಕೇ ಬಂದವನು. ಆದರೂ ಆ ಹುಡುಗಿಯ ಪ್ರಶ್ನೆ ನನ್ನ ಸ್ಕೂಟಿಯ ಹಿಂದೆ ಕೂತು ಹೊಸಕೋಟೆಯವರೆಗೂ ಬಂತು.

ಕೆಲವು ತಿಂಗಳಲ್ಲಿ ಚುನಾವಣೆ ಬಂತು. ಒಂದು ಬೆಳಗ್ಗೆ ಪರೀಕ್ಷೆಯ ಪತ್ರಿಕೆ ಹಂಚುತ್ತಿದ್ದಾಗ ಶಾಲೆಯ ಕಾಂಪೌಂಡಿನ ಆಚೆ ಪ್ರಚಾರದ ಆಟೊ ಹೋಯಿತು. ಅದೇ ಧಾಟಿ, ಆದರೆ ಕುಣಿತದ ತಾಳಕ್ಕೆ ಕೂಡಿಸಿ ಓಡಿಸಿದ್ದರು. ‘ಏಳಯ್ಯ ಹೊತ್ತಪ್ಪ, ಗುಡ್ಡದ ಮೇಲಕೆ, ನಮ್ಮ ಬಾಳು ಬೆಳಗೋಕೆ, ಏಳಯ್ಯ.’ ಆಟೊದ ಮೇಲಿನ ಫ್ಲೆಕ್ಸಿನಲ್ಲಿ ಅಭ್ಯರ್ಥಿಯ ತಲೆಯ ಹಿಂದೆ ಸೂರ್ಯನನ್ನು ಬರೆಸಿದ್ದರು. ಮಕ್ಕಳು ಪರೀಕ್ಷೆ ಬಿಟ್ಟು ಡೆಸ್ಕಿನ ಮೇಲೆ ಬೆರಳಲ್ಲಿ ತಾಳ ಹಾಕಿದರು. ನಾನು ಗದರಿಸಿದೆ. ಕೈಯಲ್ಲಿದ್ದ ಪತ್ರಿಕೆಗಳನ್ನು ಒಂದೇ ಸಾಲಿಗೆ ಎರಡು ಸಲ ಹಂಚಿಬಿಟ್ಟೆ.

ಮಧ್ಯಾಹ್ನ ಕಂಜರದವನ ಫೋನು ಬಂತು.

“ಮೇಡಂ, ನಮ್ಮ ಹಾಡು ಕದ್ಬಿಟ್ರು. ನೀವು ಒಂದು ಲೆಟರ್ ಬರ್ಕೊಡಿ. ಇದು ಚಳವಳಿ ಹಾಡು, ಬೇರೆಯವರು ಮುಟ್ಟಂಗಿಲ್ಲ ಅಂತ.”

ಅದಾದ ಎರಡು ದಿನಕ್ಕೆ ಆ ಅಭ್ಯರ್ಥಿಯ ಕಡೆಯವರೊಬ್ಬರು ಮನೆಗೇ ಬಂದರು, ನನ್ನ ಗಂಡನಿಗೆ ಪರಿಚಯದವರು. ಕಾಫಿ ಕುಡಿದು, “ಜಾನಪದ ಅಂದ್ಮೇಲೆ ಯಾರಪ್ಪನ ಮನೆ ಆಸ್ತೀನೂ ಅಲ್ವಲ್ಲ ಮೇಡಂ. ಅಷ್ಟು ಒಂದು ಮಾತು ನೀವು ಹೇಳಿದ್ರೆ ಸಾಕು, ಗಲಾಟೆ ನಿಲ್ತದೆ” ಎಂದರು. ಸರ್ಕಾರಿ ನೌಕರಳು, ಇದರಲ್ಲೆಲ್ಲ ಬರುವಂತಿಲ್ಲ ಎಂದು ತಪ್ಪಿಸಿಕೊಂಡೆ. ಅವರು ಹೋದ ಮೇಲೆ ಗೇಟು ಹಾಕಿದೆಯೋ ಇಲ್ಲವೋ ಎಂದು ಮೂರು ಸಲ ಹೋಗಿ ನೋಡಿದೆ.

ಚುನಾವಣೆ ಮುಗಿಯಿತು, ಆಟೊಗಳು ಸುಮ್ಮನಾದವು. ಇನ್ನು ಎಲ್ಲರೂ ಮರೆತರು ಅಂದುಕೊಳ್ಳುವಾಗ ದೇವನಹಳ್ಳಿಯಿಂದ ಒಂದು ಆಮಂತ್ರಣ ಬಂತು. ನಮ್ಮ ಸಂಸ್ಕೃತಿಯನ್ನು ಉಳಿಸುವ ಬಳಗ ಎಂದು ಹೇಳಿಕೊಳ್ಳುವವರು ಕಲ್ಯಾಣ ಮಂಟಪದಲ್ಲಿ ಬೆಳಗಿನ ಸೂರ್ಯಾರಾಧನೆ ಇಟ್ಟುಕೊಂಡಿದ್ದರು. ಹಾಡಿನ ಸಂಗ್ರಾಹಕಿಯೆಂದು ನನಗೆ ಸನ್ಮಾನ. ಬರುವುದಿಲ್ಲ ಎನ್ನಬಹುದಿತ್ತು. ನೋಡಿಯೇ ಬಿಡೋಣ ಎಂಬ ಚಡಪಡಿಕೆಯಲ್ಲಿ ಹೋದೆ.

ಅಲ್ಲಿ ರೇಷ್ಮೆ ಸೀರೆಯುಟ್ಟ ಹೆಣ್ಣುಮಕ್ಕಳು ಸಾಲಾಗಿ ನಿಂತು ತಂಬೂರಿಯ ಶ್ರುತಿಗೆ ಅದನ್ನು ಹಾಡಿದರು. ‘ಬೆಳಗಯ್ಯ ಹೊತ್ತಪ್ಪ, ಗುಡ್ಡದ ಮೇಲಿಂದ, ಮನೆಯೆಲ್ಲ ಹರಸಯ್ಯ, ಬೆಳಗಯ್ಯ.’ ಮುಳುಗಯ್ಯ ಎಂಬುದು ಅಮಂಗಳವಂತೆ, ಬಾಯಿಂದ ಬಾಯಿಗೆ ಬರುವಾಗ ತಪ್ಪಾಗಿರಬೇಕಂತೆ, ಮೂಲದಲ್ಲಿ ಬೆಳಗಯ್ಯ ಎಂದೇ ಇದ್ದಿರಬೇಕಂತೆ. ಭಾಷಣಕಾರರು ಇದನ್ನು ನನ್ನ ಪುಸ್ತಕವನ್ನೇ ಎತ್ತಿ ಹಿಡಿದು ಹೇಳಿದರು. “ಹೊಲದ ಕೆಲಸವನ್ನೇ ಪೂಜೆ ಅಂದುಕೊಂಡ ಮುಗ್ಧ ತಾಯಂದಿರು ಇವರು. ಇಲ್ಲಿ ದೂರು ಎಲ್ಲಿದೆ, ದ್ವೇಷ ಎಲ್ಲಿದೆ? ಒಬ್ಬರ ಮೇಲಾದರೂ ಒಂದು ಕೆಟ್ಟ ಮಾತಿದೆಯೇ?”

ದೂರು ಇದ್ದ ನುಡಿಯನ್ನು ಕಿತ್ತುಹಾಕಿ, ಅವರ ಭಾಷಣಕ್ಕೆ ಹದ ಮಾಡಿಕೊಟ್ಟವಳು ನಾನೇ. ಮೈಕು ಕೊಟ್ಟಾಗ ಹೇಳಿದೆ: “ಇದು ಪೂಜೆ ಹಾಡಲ್ಲ. ಆ ಹೆಂಗಸರನ್ನು ಹೊತ್ತು ಮುಳುಗುವವರೆಗೂ ಮನೆಗೆ ಬಿಡುತ್ತಿರಲಿಲ್ಲ. ಅದಕ್ಕೇ ಬೇಗ ಮುಳುಗು ಅಂತ ಸೂರ್ಯನನ್ನು ಬೇಡಿಕೊಂಡರು.” ಜನ ಸಣ್ಣಗೆ ನಕ್ಕರು. ನಿರೂಪಕರು, ಮೇಡಂ ಬಹಳ ಹಾಸ್ಯಪ್ರಜ್ಞೆ ಉಳ್ಳವರು ಎಂದು ಶಾಲು ಹೊದಿಸಿದರು. ತಿಂಡಿ ತಿನ್ನದೆ ಹೊರಗೆ ಬಂದೆ. ಸ್ಕೂಟಿಯನ್ನು ಹೊಸಕೋಟೆಗೆ ತಿರುಗಿಸದೆ ಊರಿಗೆ ಬಿಟ್ಟೆ.

ಅಂದು ಭಾನುವಾರ. ಕೇರಿಯ ಮನೆಯಲ್ಲಿ ಅಜ್ಜಿ, ಕಿವುಡ ಮಗ, ಮೊಮ್ಮಗಳು ಮೂವರೂ ಇದ್ದರು. ಮೊಮ್ಮಗಳು ತಲೆಗೆ ಎಣ್ಣೆ ಹಚ್ಚಿಕೊಂಡು ಬಟ್ಟೆ ಒಗೆಯುತ್ತಿದ್ದಳು. ನಾನು ಹೋಗಿ ಜಗುಲಿಯ ಮೇಲೆ ಕೂತು, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

“ಒಬ್ಬೊಬ್ಬರು ಒಂದೊಂದು ಅರ್ಥ ಹೇಳ್ತಾರೆ ಅಜ್ಜಿ. ನೀನೇ ಹೇಳು, ಅದಕ್ಕೇನರ್ಥ?”

“ಹೊತ್ತು ಮುಳುಗಿದ್ರೆ ಮನೆಗೋಗ್ಬೋದು ಅಂತ ಕಣಮ್ಮಣ್ಣಿ. ಅಷ್ಟೇಯ.”

ಮೊಮ್ಮಗಳು ಕೈ ಒರೆಸಿಕೊಂಡು ಎದ್ದು ಬಂದಳು. ಒಳಗಿಂದ ನಮ್ಮ ಶಾಲೆಯ ಪುಸ್ತಕ ತಂದು ಆ ಪುಟ ತೆಗೆದು ನನ್ನ ಮುಂದಿಟ್ಟಳು.

“ಮೇಡಂ, ಒಂದ್ ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಇದ್ರಲ್ಲಿ ಮೂರೇ ಐತೆ. ಅಜ್ಜಿ ನಾಲ್ಕು ಹೇಳ್ತಾಳೆ. ನಾಲ್ಕನೇದು ಎಲ್ಲಿ?”

“ನಾನೇ ಬಿಟ್ಟೆ” ಎಂದೆ. “ನಮ್ಮ ಅಜ್ಜಿ ವಿಚಾರ ಇತ್ತಲ್ಲ, ಅದಕ್ಕೆ.”

ಅವಳು ಪುಸ್ತಕ ಮುಚ್ಚಿದಳು. ಕೇರಿಯ ಅಜ್ಜಿಯೇ, ನನ್ನನ್ನು ಸಮಾಧಾನ ಮಾಡುವವಳಂತೆ, “ಬುಡು, ಹೋಗ್ಲಿ. ನನಗೂ ಅದು ಹೇಳೋಕೆ ಸಂಕಟ. ಬಹಳ ದಿನ ನಾನು ಅದನ್ನ ಹಾಡ್ಲೇ ಇಲ್ಲ. ನಾನು ಕಟ್ಟಿದ್ದಲ್ಲ, ಪಕ್ಕದ ಸಾಲ್ನಲ್ಲಿ ಕೀಳೋಳು ಕಟ್ಟಿದ್ಲು, ನನ್ನ ಕಂಡು” ಎಂದಳು.

“ನಿನ್ನ ಕಂಡು ಅಂದ್ರೆ?”

ಅಜ್ಜಿ ಜಗುಲಿಯ ಆ ತುದಿಯಲ್ಲಿ ಕೂತಿದ್ದ ಹಿರಿಮಗನ ಕಡೆ ನೋಡಿದಳು. ತನ್ನ ಕಡೆ ನೋಡಿದ್ದು ಕಂಡು ಅವನು ನಕ್ಕ.

“ಇವನಿಗೆ ಆಗ ವರ್ಷ ತುಂಬಿತ್ತೋ ಇಲ್ವೋ. ಅವ್ವ ಅಂತಿದ್ದ, ತಾತ ಅಂತಿದ್ದ. ಜ್ವರ ಬಂತು, ಮೈ ಹಂಚಾದಂಗಾಗೋಯ್ತು. ನಮ್ಮತ್ತೆ ಹತ್ರ ಬಿಟ್ಟು ಕಳೆಗೆ ಬಂದಿದ್ದೆ. ಹೊತ್ತು ನೆತ್ತಿಗೆ ಬಂದಾಗ ಮಗೀಗೆ ಜ್ವರ ಹೆಚ್ಚಾಗೈತೆ ಬಾ ಅಂತ ಹೇಳಿ ಕಳಿಸಿದ್ರು. ನಿಮ್ಮಜ್ಜೀನ ಕೇಳ್ದೆ. ಇನ್ನೆರಡು ಸಾಲು ಮುಗ್ಸಿ ಹೋಗು ಅಂದ್ರು. ಎರಡು ಮುಗ್ಸಿದ್ರೆ ಇನ್ನೆರಡು ಅಂದ್ರು. ಮಳೆ ಬರಂಗಿತ್ತು, ಅವರ್ದೂ ತಪ್ಪಿಲ್ಲ. ಮನೆಗೆ ಬರೋ ಹೊತ್ತಿಗೆ ಕಣ್ಣು ಮೇಲ್ಗಣ್ಣು. ಹೊಸಕೋಟೆ ಆಸ್ಪತ್ರೆಗೆ ಗಾಡಿ ಕಟ್ಕೊಂಡು ಹೋದ್ವು. ಜೀವ ಉಳೀತು. ಆಮೇಲೆ ಕೂಗಿದ್ರೆ ತಿರುಗ್ಲಿಲ್ಲ.”

ಕೂಸಿಗೆ ಕೇಳಂಗಿಲ್ಲ ಎಂದರೆ, ಹೊಲದಲ್ಲಿರುವ ತಾಯಿಯ ದನಿ ದೂರದ ತೊಟ್ಟಿಲಿಗೆ ಕೇಳುವುದಿಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ತರಗತಿಯಲ್ಲಿ ಪಾಠ ಮಾಡುವ ಹಾಗಿದ್ದರೆ ಕಪ್ಪು ಹಲಗೆಯ ಮೇಲೆ ಅದನ್ನೇ ಬರೆಯುತ್ತಿದ್ದೆ. ಆ ಕೂಸು ನನ್ನ ಕೈಹಿಡಿದು ಹಳ್ಳ ದಾಟಿಸಿತ್ತು. ಶಾಮಿಯಾನದಲ್ಲಿ ಅದೇ ಹಾಡಿಗೆ, ಏನೆಂದು ತಿಳಿಯದೆ, ಚಪ್ಪಾಳೆ ಹಾಕಿತ್ತು.

“ಇಷ್ಟು ವರ್ಷ ಯಾಕಜ್ಜಿ ನಮಗೆ ಹೇಳ್ಲಿಲ್ಲ?”

“ಹೇಳಿ? ಮಾರ್ನೇ ದಿನ ಕಳೆಗೆ ಹೋಗ್ಬೇಕಿತ್ತಲ್ಲ ಅಮ್ಮಣ್ಣಿ.”

ಎದ್ದು ಹೊರಟಾಗ ಕಿವುಡಣ್ಣ ನನ್ನ ಸ್ಕೂಟಿಯನ್ನು ತಾನೇ ತಿರುಗಿಸಿ ನಿಲ್ಲಿಸಿದ. ನನಗೆ ಅವನ ಮುಖ ನೋಡಲಾಗಲಿಲ್ಲ.

ಅಣ್ಣನ ಮನೆಗೆ ಹೋಗಿ ಹೇಳಿದೆ. ಅವನು ಹಸುವಿಗೆ ಹಿಂಡಿ ಕಲೆಸುತ್ತಿದ್ದ. ಕೈ ನಿಲ್ಲಿಸದೆ ಕೇಳಿಸಿಕೊಂಡ.

“ಈಗ ಏನ್ ಮಾಡ್ಬೇಕು ಅಂತೀಯ?”

“ನಾಲ್ಕೂ ನುಡಿ ಸೇರಿಸಿ, ಇದು ಯಾರು ಯಾರ ಮೇಲೆ ಕಟ್ಟಿದ ಹಾಡು ಅಂತ ಬರೆದು, ಕೇಳಿದೋರಿಗೆಲ್ಲ ಕೊಡ್ತೀನಿ.”

“ಅಜ್ಜಿ ನಮ್ಮನ್ನ ಸಾಕಿದೋಳು ಕಣೆ. ಸತ್ತು ಎಷ್ಟು ವರ್ಷ ಆಯ್ತು, ಈಗ್ಯಾಕೆ ಅವಳನ್ನ ಬೀದಿಗೆ ತರ್ತೀಯ? ಅದೂ ಇಂಥ ಟೈಮಲ್ಲಿ. ನೋಟಿಸು ತಲೆ ಮೇಲೆ ಕೂತದೆ. ಕೇರಿಯೋರು ನಾವು ಒಂದೇ ಅಂತ ಮೈಕಲ್ಲಿ ಹೇಳ್ಕೊಂಡು ಕೂತಿದೀವಿ.”

“ಒಂದೇ ಆಗಿದ್ವಾ ಅಣ್ಣ?”

ಅವನು ಬಕೆಟ್ಟನ್ನು ಹಸುವಿನ ಮುಂದೆ ತಳ್ಳಿ ಕೈ ತೊಳೆಯಲು ಹೋದ. ಊಟಕ್ಕಿರು ಎಂದು ಅತ್ತಿಗೆ ಹೇಳಿದರು, ನಿಲ್ಲಲಿಲ್ಲ.

ಆ ವಾರ ಶಾಲೆಯಲ್ಲಿ ಬಿಡುವಿದ್ದ ಪಿರಿಯಡ್ಡುಗಳಲ್ಲೆಲ್ಲ ಕೂತು ಎರಡು ಪುಟ ಬರೆದೆ. ಎಷ್ಟು ಸಲ ಹರಿದು ಹಾಕಿದೆನೋ ಗೊತ್ತಿಲ್ಲ. ನನ್ನ ಅಜ್ಜಿಯನ್ನು ರಾಕ್ಷಸಿ ಮಾಡದೆ, ತಪ್ಪನ್ನು ತೆಳುವೂ ಮಾಡದೆ ಬರೆಯುವುದು ನನಗೆ ಬಹಳ ಕಷ್ಟವಾಯಿತು. ಮಳೆ ಬರುವಂತಿತ್ತು ಎಂಬ ಮಾತನ್ನು ಸೇರಿಸಿದೆ, ತೆಗೆದೆ, ಮತ್ತೆ ಸೇರಿಸಿದೆ. ಅದು ಕೇರಿಯ ಅಜ್ಜಿಯೇ ಹೇಳಿದ್ದು, ತೆಗೆಯಲು ನಾನು ಯಾರು ಎಂದು ಕೊನೆಗೆ ಉಳಿಸಿದೆ. ಅವಳಿಗೂ ಮೊಮ್ಮಗಳಿಗೂ ಓದಿ ಹೇಳಿ, ಕೇರಿಯ ಅಜ್ಜಿ ಹೂಂ ಎಂದ ಮೇಲೆ ಮೂರೂ ಕಡೆಗೆ ಕಳಿಸಿದೆ.

ಅಭ್ಯರ್ಥಿಯ ಕಡೆಯವರು ಉತ್ತರಿಸಲಿಲ್ಲ. ಅವರಿಗೆ ಆ ಹಾಡಿನ ಕೆಲಸ ಮುಗಿದಿತ್ತು. ದೇವನಹಳ್ಳಿಯ ಬಳಗದವರು, ಇಂಥ ವೈಯಕ್ತಿಕ ಕಹಿಯನ್ನು ಸೇರಿಸಿದರೆ ಹಾಡಿನ ಪಾವಿತ್ರ್ಯ ಕೆಡುತ್ತದೆ ಎಂದು ವಿನಯದಿಂದ ಬರೆದರು. ಕಂಜರದವನು ಮಾತ್ರ ಎದುರಿಗೆ ಬಂದು ಕೂತ. ಓದುವಾಗ ಅವನ ಕಣ್ಣು ತುಂಬಿದ್ದನ್ನು ನಾನೇ ನೋಡಿದೆ.

“ಇದು ನಿಜವಾದ ಹಾಡು ಮೇಡಂ” ಎಂದ. “ಆದ್ರೆ ಈಗ ಶಾಮಿಯಾನದಲ್ಲಿ ಹಾಡೋಕಾಗಲ್ಲ. ಗೌಡ್ತಮ್ಮ ಅಂದ ತಕ್ಷಣ ಅರ್ಧ ಶಾಮಿಯಾನ ಎದ್ದೋಗುತ್ತೆ. ಗೆದ್ದ ಮೇಲೆ ಹಾಡೋಣ.”

ನಾನು ಅವನ ಮೇಲೆ ರೇಗಿಕೊಂಡೆ. ರೇಗುತ್ತಲೇ, ಅವನು ಹೇಳಿದ್ದು ಸುಳ್ಳಲ್ಲ ಎಂದೂ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಆದರೆ ವಿಷಯ ಊರಿನಲ್ಲಿ ಹರಡಿತು. ಅಣ್ಣ ಆಮೇಲೆ ಧರಣಿಗೆ ಹೋಗುವುದನ್ನೇನೂ ಬಿಡಲಿಲ್ಲ. ಆ ಹಾಡು ಶುರುವಾದ ಕೂಡಲೇ ಎದ್ದು ಟೀ ಅಂಗಡಿಯ ಕಡೆ ಹೋಗುತ್ತಾನೆಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ಒಂದು ದಿನ ಹಾಗೆ ಹೋಗುವಾಗ ಕಿವುಡಣ್ಣನ ಭುಜ ಮುಟ್ಟಿ, ಅವನನ್ನೂ ಕರೆದುಕೊಂಡು ಹೋಗಿ ಟೀ ಕುಡಿಸಿದನಂತೆ. ನಮ್ಮಿಬ್ಬರ ನಡುವೆ ಆ ಮಾತು ಮತ್ತೆ ಬಂದಿಲ್ಲ.

ಜಮೀನಿನ ವಿಚಾರ ಈಗಲೂ ಇತ್ಯರ್ಥವಾಗಿಲ್ಲ. ನಿಮ್ಮ ಊರು ಕೈಬಿಟ್ಟಿದ್ದೇವೆ ಎಂದು ಬಾಯಿಮಾತಿನಲ್ಲಿ ಹೇಳಿದರು, ಶಾಮಿಯಾನ ಬಿಚ್ಚಿದರು. ಕಾಗದ ಇನ್ನೂ ಬಂದಿಲ್ಲ.

ಹೋದ ತಿಂಗಳು ಮೊಮ್ಮಗಳು ಫೋನು ಮಾಡಿ ಊರಿನ ಸರ್ಕಲ್ಲಿಗೆ ಬರಹೇಳಿದಳು. ಭಾನುವಾರವಾದರೂ ಮೈಮೇಲೆ ಕಂಪನಿಯ ಕೋಟು. ಓಟಿ ಎಂದು ಆ ದಿನವೂ ಕರೆಸಿಕೊಂಡಿದ್ದರಂತೆ, ವ್ಯಾನಿಗೆ ಕಾಯುತ್ತಿದ್ದಳು. ಟಾರ್ಗೆಟ್ ಮುಗಿಯುವವರೆಗೆ ಎದ್ದು ಬಾತ್‌ರೂಮಿಗೂ ಹೋಗಲು ಬಿಡುವುದಿಲ್ಲವೆಂದು ಅವಳ ಲೈನಿನ ಹೆಂಗಸರು ಗೇಟಿನ ಮುಂದೆ ಕೂರುವವರಿದ್ದರು. ಕೈಬರಹದ ಒಂದು ಚೀಟಿ ಕೊಟ್ಟಳು.

“ಮೇಡಂ, ಕಾಗುಣಿತ ಒಂದ್ ಸಲ ನೋಡ್ಕೊಡಿ. ಜೆರಾಕ್ಸ್ ಮಾಡಿಸ್ಬೇಕು.”

ಅದೇ ಹಾಡು. ಮೊದಲ ಮೂರು ನುಡಿ ಅಜ್ಜಿ ಹೇಳಿದ ಹಾಗೇ ಇದ್ದವು. ನಾಲ್ಕನೆಯದರಲ್ಲಿ ಬದು ಹೋಗಿತ್ತು, ಛತ್ರಿ ಹೋಗಿತ್ತು, ಗೌಡ್ತಮ್ಮ ಹೋಗಿದ್ದಳು.

ಫ್ಯಾನಿನ ಕೆಳಗವ್ನೆ ಲೈನಿನ ಸೂಪರ್‌ವೈಸ್ರು
ಟ್ಯೂಬ್‌ಲೈಟಿನ ಒಳಗೆ ಹೊತ್ತೆಲ್ಲಿ ಕಂಡೀತು
ಇನ್ನೈವತ್ತು ಪೀಸಂದ, ಕೂಗಿದ್ರೆ ಕೇಳಂಗಿಲ್ಲ
ಮುಳುಗಯ್ಯ ಹೊತ್ತಪ್ಪ, ಮುಳುಗಯ್ಯ

ಓದಿ ತಲೆ ಎತ್ತಿದೆ. “ನಮ್ಮಜ್ಜೀನ ತೆಗೆದುಬಿಟ್ಟೆಯಲ್ಲ?”

“ಅಲ್ಲಿ ನಿಮ್ಮಜ್ಜಿ ಯಾರ್ಗೆ ಗೊತ್ತು ಮೇಡಂ? ನಮಗೆ ಈಗ ಇವನು ತಾನೆ” ಎಂದಳು. ಹೇಳುವಾಗ ಅವಳ ಕಣ್ಣು ರಸ್ತೆಯ ಮೇಲಿತ್ತು.

ನನ್ನ ಎದೆಯ ಮೇಲಿನ ಭಾರ ಒಮ್ಮೆಲೇ ಇಳಿದ ಹಾಗಾಯಿತು. ಮರುಕ್ಷಣವೇ ಆ ಹಗುರಕ್ಕೆ ನಾಚಿಕೆಯಾಯಿತು. ನಾನು ಕದ್ದು ಮಾಡಿದ್ದನ್ನು ಅವಳು ಹಕ್ಕಿನಿಂದ ಮಾಡಿದ್ದಳು. ಎರಡೂ ಒಂದೇ ಅಲ್ಲ ಎಂದು ನನಗೆ ಗೊತ್ತಿತ್ತು. ಆದರೂ ನನ್ನ ಅಜ್ಜಿ ಹಾಡಿನಿಂದ ಎದ್ದು ಹೋದಳಲ್ಲ ಎಂದು ಒಳಗೊಳಗೇ ಹಿಗ್ಗಿದ್ದಂತೂ ನಿಜ.

ಚೀಟಿಯಲ್ಲಿ ಎರಡು ಒತ್ತಕ್ಷರ ತಿದ್ದಿದೆ. ‘ಕೆಳಗವ್ನೆ’ ಎಂಬುದನ್ನು ‘ಕೆಳಗಿದ್ದಾನೆ’ ಮಾಡಲು ಪೆನ್ನು ಇಟ್ಟೆ.

“ಅದು ಬೇಡ ಮೇಡಂ, ಹಂಗೇ ಇರ್ಲಿ” ಎಂದಳು.

ವ್ಯಾನು ಬಂತು. ಚೀಟಿಯನ್ನು ಮಡಿಸಿ ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡು ಹತ್ತಿದಳು. ಬಾಗಿಲು ಹಾಕುವ ಮೊದಲೇ ಒಳಗಿದ್ದ ಹೆಂಗಸರು ಏನು, ತಿದ್ದಿಸ್ಕೊಂಡ್ಯಾ ಎಂದು ಅವಳನ್ನು ಮುತ್ತಿಕೊಂಡಿದ್ದು ಕಾಣಿಸಿತು. ನಾನು ಸ್ಕೂಟಿಯ ಬೀಗದ ಕೈ ಹಿಡಿದುಕೊಂಡು, ಅಣ್ಣನ ಮನೆಗೆ ಹೋಗುವುದೋ ಹೊಸಕೋಟೆಗೆ ಹಿಂತಿರುಗುವುದೋ ತಿಳಿಯದೆ, ಸುಮಾರು ಹೊತ್ತು ಅಲ್ಲೇ ನಿಂತಿದ್ದೆ.